ಸಿಮ್ಯುಲೇಟರ್ ರಾಕೆಟ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕಕ್ಷೆ ಸೇರದ ರಾಕೆಟ್‌ಗೆ ಇನ್ನೊಂದು ಟ್ಯಾಂಕ್, ಪಲ್ಟಿ ಹೊಡೆಯುವ ರಾಕೆಟ್‌ಗೆ ಇನ್ನೆರಡು ಫಿನ್ (ಬುಡದ ಪುಟ್ಟ ರೆಕ್ಕೆ), ಬಳುಕುವ ರಾಕೆಟ್‌ಗೆ ಇನ್ನಷ್ಟು ಸ್ಟ್ರಟ್ (ಭಾಗಗಳನ್ನು ಬಿಗಿಯುವ ಆಧಾರ ಕಂಬಿ). ಸಿಮ್ಯುಲೇಟರ್‌ನಲ್ಲಿ ಸ್ವಂತ ರಾಕೆಟ್ ಕಟ್ಟುವವರ ಕೈ ಮೊದಲು ಹೋಗುವುದು ಹೀಗೆ ಏನನ್ನಾದರೂ ಸೇರಿಸುವ ಕಡೆಗೇ. ಆದರೆ ಸೇರಿಸಿದ ಪ್ರತಿ ಭಾಗಕ್ಕೂ ತೂಕವಿದೆ. ಒಂದು ದೋಷ ಮುಚ್ಚಲು ಹೋಗಿ ಇನ್ನೆರಡನ್ನು ಹುಟ್ಟಿಸುವುದು ಅಲ್ಲಿಂದಲೇ ಶುರುವಾಗುತ್ತದೆ. ಇಲ್ಲಿ ಹಿಡಿದಿರುವುದು ಬೇರೆ ದಾರಿ. ಮೊದಲು ಕಣ್ಣಿಗೆ ಬಿದ್ದ ಲಕ್ಷಣ, ಆಮೇಲೆ ಒಂದು ಕ್ಲಿಕ್‌ನಲ್ಲಿ ಮುಗಿಯುವ ತಪಾಸಣೆ, ರಾಕೆಟ್ ಬಿಚ್ಚಿ ಕಟ್ಟುವ ಕೆಲಸ ಏನಿದ್ದರೂ ಕೊನೆಗೆ.

ಲೆಕ್ಕಕ್ಕೆ ಒಂದು ಉದಾಹರಣೆ ಬೇಕಲ್ಲ, ಅದಕ್ಕೆ ಗಿಡುಗ-2 ಎಂಬ ಕಾಲ್ಪನಿಕ ರಾಕೆಟ್ ಇಟ್ಟುಕೊಳ್ಳೋಣ. ಭೂಮಿಯಷ್ಟೇ ದೊಡ್ಡ ಗ್ರಹದಿಂದ ಹಾರುವ, ಎರಡು ಹಂತಗಳ ರಾಕೆಟ್ ಇದು.

- ಪೇಲೋಡ್ (ಕಕ್ಷೆಗೆ ಒಯ್ಯುವ ಸರಕು): 4 ಟನ್.
- ಎರಡನೇ ಹಂತ: ಖಾಲಿ ತೂಕ 3 ಟನ್, ಆಕ್ಸಿಡೈಸರ್ ಸೇರಿ ಇಂಧನ 27 ಟನ್, ನೂಕುಬಲ 270 ಕಿಲೋನ್ಯೂಟನ್, ಐಎಸ್‌ಪಿ (ಎಂಜಿನ್ ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಎಂಬ ಅಳತೆ) 340 ಸೆಕೆಂಡ್.
- ಮೊದಲ ಹಂತ: ಖಾಲಿ ತೂಕ 12 ಟನ್, ಇಂಧನ 150 ಟನ್, ನೆಲಮಟ್ಟದಲ್ಲಿ ನೂಕುಬಲ 2,500 ಕಿಲೋನ್ಯೂಟನ್, ಐಎಸ್‌ಪಿ ನೆಲಮಟ್ಟದಲ್ಲಿ 280, ನಿರ್ವಾತದಲ್ಲಿ 305, ದಾರಿಯುದ್ದದ ಸರಾಸರಿ ಸುಮಾರು 295.
- ಪ್ಯಾಡ್ ಮೇಲಿನ ಒಟ್ಟು ತೂಕ: 196 ಟನ್. ಪೇಲೋಡ್ ಮುಚ್ಚುವ ಶಾಖ ಕವಚವನ್ನು ಸದ್ಯಕ್ಕೆ ಇದರಲ್ಲಿ ಸೇರಿಸಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ ಆಟ ಆಡುವವರು ಸಂಖ್ಯೆಗಳನ್ನು ಕುಗ್ಗಿಸಿಕೊಂಡು ಓದಿ. ಅಲ್ಲಿನ ಕರ್ಬಿನ್ ಗ್ರಹದ ತ್ರಿಜ್ಯ ಬರೀ 600 ಕಿ.ಮೀ., ವಾತಾವರಣ 70 ಕಿ.ಮೀ.ಗೆ ಮುಗಿಯುತ್ತದೆ, ಕೆಳಕಕ್ಷೆಗೆ ಸುಮಾರು 3,400 ಮೀ/ಸೆ ಡೆಲ್ಟಾ-ವಿ (ರಾಕೆಟ್ ತನ್ನ ವೇಗವನ್ನು ಒಟ್ಟು ಎಷ್ಟು ಬದಲಿಸಬಲ್ಲದು ಎಂಬ ಲೆಕ್ಕ) ಸಾಕು. ಭೂಮಿಯ ಅಳತೆಯಲ್ಲಿ ಅದೇ ಕೆಲಸಕ್ಕೆ 9,300ರಿಂದ 9,500 ಮೀ/ಸೆ ಬೇಕು. ಸಂಖ್ಯೆ ಬೇರೆಯಾದರೂ ದೋಷಗಳು ಎರಡೂ ಕಡೆ ಒಂದೇ.

ಕೈ ಹಾಕುವ ಮುನ್ನ

ವಿನ್ಯಾಸವನ್ನು ಹೊಸ ಹೆಸರಿನಲ್ಲಿ ಉಳಿಸಿ, ಸೇವ್ ಫೋಲ್ಡರ್‌ನ ಒಂದು ನಕಲನ್ನು ಆಟದ ಹೊರಗೆ ಇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಫಿನ್ ಹಾಕಿ, ಎಂಜಿನ್ ಬದಲಿಸಿ, ತಿರುವಿನ ಕೋನವನ್ನೂ ಬದಲಿಸಿ ಹಾರಿಸಿದರೆ ರಾಕೆಟ್ ನೆಟ್ಟಗಾದರೂ ಯಾವುದರಿಂದ ಆಯಿತು ಎಂಬುದು ತಿಳಿಯದೆ ಉಳಿಯುತ್ತದೆ. ಪ್ರತಿ ಹಾರಾಟದಲ್ಲಿ ದೋಷ ಕಂಡ ಕ್ಷಣದ ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ: ಸಮಯ, ಎತ್ತರ, ವೇಗ, ಉಳಿದ ಇಂಧನ. ಕೆಳಗಿನ ಅರ್ಧಕ್ಕರ್ಧ ರೋಗನಿರ್ಣಯ ಈ ನಾಲ್ಕರಿಂದಲೇ ಆಗುತ್ತದೆ.

ಎರಡು ಎಚ್ಚರಿಕೆ. ವಾತಾವರಣದೊಳಗೆ ಭೌತಿಕ ಟೈಮ್ ವಾರ್ಪ್ (ಆಟದ ಸಮಯವನ್ನು ಬೇಗ ಓಡಿಸುವ ಸೌಲಭ್ಯ) ಬಳಸಿ ದೋಷ ಹುಡುಕಬೇಡಿ; ಲೆಕ್ಕದ ಹೆಜ್ಜೆ ದೊಡ್ಡದಾಗಿ, ಗಟ್ಟಿಯಾಗಿರುವ ಜೋಡಣೆಯೂ ಮುರಿಯುತ್ತದೆ, ಇಲ್ಲದ ದೋಷ ಕಾಣಿಸುತ್ತದೆ. ಇನ್ನು ಇಲ್ಲಿನ ಯಾವ ಸಂಖ್ಯೆಯೂ ನಿಜವಾದ ಎಂಜಿನ್‌ಗಾಗಲಿ ನಿಜವಾದ ಇಂಧನ ಬೆರೆಸುವುದಕ್ಕಾಗಲಿ ಅಲ್ಲ. ಪರದೆಯ ಮೇಲೆ ಸಿಡಿದರೆ ರಿವರ್ಟ್ ಗುಂಡಿ ಇದೆ, ಅಂಗಳದಲ್ಲಿ ಸಿಡಿದರೆ ಇಲ್ಲ.

ಗುಂಡಿ ಒತ್ತಿದರೂ ಪ್ಯಾಡ್ ಬಿಟ್ಟು ಕದಲುತ್ತಿಲ್ಲ

ಎಂಜಿನ್‌ನಿಂದ ಜ್ವಾಲೆ ಬರುತ್ತಿದೆಯೇ ನೋಡಿ. ಬರದಿದ್ದರೆ ಮೊದಲು ಥ್ರಾಟಲ್ (ನೂಕುಬಲ ಏರಿಸಿ ಇಳಿಸುವ ಹಿಡಿ) ಸೊನ್ನೆಯಲ್ಲಿದೆಯೇ ಎಂದು ನೋಡುವುದು. ಕೇಳಿದರೆ ನಗು ಬರುತ್ತದೆ, ಆದರೂ ಇದೇ ಮೊದಲನೆಯದು. ಆಮೇಲೆ ಹಂತಗಳ ಪಟ್ಟಿ: ಎಂಜಿನ್ ಐಕಾನ್ ಬೇರೆ ಹಂತಕ್ಕೆ ಜಾರಿದೆಯೇ, ಎಂಜಿನ್‌ಗೂ ಟ್ಯಾಂಕಿಗೂ ನಡುವೆ ಡಿಕಪ್ಲರ್ (ಹಂತಗಳನ್ನು ಕಳಚುವ ಭಾಗ) ಸಿಕ್ಕಿಕೊಂಡಿದೆಯೇ. ಸಾಮಾನ್ಯವಾಗಿ ಡಿಕಪ್ಲರ್ ಮೂಲಕ ಇಂಧನ ಹರಿಯುವುದಿಲ್ಲ. ಮಾನವರಹಿತ ರಾಕೆಟ್ ಆಗಿದ್ದರೆ ಬ್ಯಾಟರಿ ನೋಡಿ. ವಿದ್ಯುತ್ ಇಲ್ಲದ ನಿಯಂತ್ರಣ ಘಟಕ ಯಾವ ಆದೇಶವನ್ನೂ ಕೇಳುವುದಿಲ್ಲ.

ಜ್ವಾಲೆ ಇದೆ, ರಾಕೆಟ್ ಕೂತಲ್ಲೇ ಕೂತಿದೆ ಎಂದರೆ ಲಾಂಚ್ ಕ್ಲಾಂಪ್ (ರಾಕೆಟ್ಟನ್ನು ಪ್ಯಾಡ್ ಮೇಲೆ ಹಿಡಿದಿಡುವ ಕಂಬ) ಬಿಟ್ಟಿಲ್ಲ, ಇಲ್ಲವೇ ನೂಕುಬಲ ತೂಕಕ್ಕಿಂತ ಕಡಿಮೆ. ಕ್ಲಾಂಪ್ ಬಿಟ್ಟಿದೆ ಎಂದು ಖಾತ್ರಿಯಾದ ಮೇಲೆ ಎಂಜಿನ್‌ನ ನೆಲಮಟ್ಟದ ನೂಕುಬಲ ಓದಿ. ನಿರ್ವಾತಕ್ಕೆಂದು ಮಾಡಿದ ಎಂಜಿನ್‌ನ ಅಗಲ ನಳಿಕೆ ದಟ್ಟ ಗಾಳಿಯಲ್ಲಿ ಕೆಲಸ ಮಾಡುವುದಿಲ್ಲ. ಕರ್ಬಲ್‌ನ ಟೆರಿಯರ್ ಎಂಜಿನ್ ನಿರ್ವಾತದಲ್ಲಿ 60 ಕಿಲೋನ್ಯೂಟನ್ ಕೊಡುತ್ತದೆ, ನೆಲಮಟ್ಟದಲ್ಲಿ 15 ಸಹ ದಾಟುವುದಿಲ್ಲ. ಭಾಗಗಳ ಪಟ್ಟಿಯಲ್ಲಿ ದೊಡ್ಡಕ್ಷರದಲ್ಲಿ ಕಾಣುವ ನಿರ್ವಾತದ ಸಂಖ್ಯೆ ನೋಡಿ ಕೊಂಡುಬಂದ ಎಂಜಿನ್ ಹೀಗೆ ಪ್ಯಾಡ್ ಮೇಲೆ ಬಣ್ಣ ತೋರಿಸುತ್ತದೆ.

ಎದ್ದಿತು, ಆದರೆ ತೆವಳುತ್ತಿದೆ

ನೂಕುಬಲವನ್ನು ತೂಕದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನೂಕು-ತೂಕ ಅನುಪಾತ. ಪರದೆಯಲ್ಲಿ ಟಿಡಬ್ಲ್ಯೂಆರ್ ಎಂದಿರುತ್ತದೆ. ಗಿಡುಗ-2ಕ್ಕೆ 2,500 ÷ (196 × 9.81) = 1.3. ನೆಲ ಬಿಡುವಾಗ 1.2ರಿಂದ 1.5ರ ನಡುವೆ ಇದ್ದರೆ ನೆಮ್ಮದಿ. 20 ಸೆಕೆಂಡ್ ಕಳೆಯುವ ಹೊತ್ತಿಗೆ ಗಿಡುಗ-2 ಸುಮಾರು 70 ಮೀ/ಸೆ ವೇಗದಲ್ಲಿ, 650 ಮೀಟರ್ ದಾಟಿರುತ್ತದೆ. ಅದೇ ರಾಕೆಟ್‌ನ ನೂಕುಬಲ ಇಳಿಸಿ ಅನುಪಾತ 1.05ಕ್ಕೆ ತಂದರೆ ಅಷ್ಟೇ ಹೊತ್ತಿಗೆ ವೇಗ 18 ಮೀ/ಸೆ, ಎತ್ತರ ಬರೀ 150 ಮೀಟರ್. ಟನ್‌ಗಟ್ಟಲೆ ಇಂಧನ ಉರಿದದ್ದು ಗುರುತ್ವದೊಂದಿಗೆ ಹಗ್ಗಜಗ್ಗಾಟಕ್ಕೇ ಹೋಯಿತು.

ಇಲ್ಲಿ ಟ್ಯಾಂಕ್ ಸೇರಿಸಿದರೆ ರೋಗ ಹೆಚ್ಚುತ್ತದೆ. ಅಗ್ಗದ ಪರಿಹಾರ ಇಂಧನ ತೆಗೆಯುವುದು, ಅಥವಾ ಎರಡು ಸಣ್ಣ ಘನ ಇಂಧನ ಬೂಸ್ಟರ್ ಕಟ್ಟುವುದು.

ಅನುಪಾತ 2 ದಾಟಿದರೂ ತೊಂದರೆಯೇ, ಅದು ಬೇರೆ ಬಗೆಯದು. ಎಂಜಿನ್ ತೂಕ ದಂಡವಾಗುತ್ತದೆ, ಕೆಳಗಿನ ದಟ್ಟ ಗಾಳಿಯಲ್ಲೇ ವೇಗ ಅತಿಯಾಗುತ್ತದೆ, ರಾಕೆಟ್ ಪಲ್ಟಿ ಹೊಡೆಯುತ್ತದೆ. ಹಂತದ ಕೊನೆಗೆ ಏನಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಗಿಡುಗ-2ರ ಮೊದಲ ಹಂತ ಸೆಕೆಂಡಿಗೆ ಸುಮಾರು 910 ಕಿಲೋ ಉರಿಸಿ 165 ಸೆಕೆಂಡ್‌ಗೆ ಖಾಲಿಯಾಗುತ್ತದೆ. ಆಗ ಉಳಿಯುವ ತೂಕ 46 ಟನ್, ವೇಗೋತ್ಕರ್ಷ 6 ಜಿ. ಕೊನೆಯ 30 ಸೆಕೆಂಡ್ ಥ್ರಾಟಲ್ 60 ಶೇಕಡಾಕ್ಕೆ ಇಳಿಸಿದರೆ 4 ಜಿ ಒಳಗೆ ನಿಲ್ಲುತ್ತದೆ.

ಪ್ಯಾಡ್ ಮೇಲೆ ಕಾಣಿಸಿಕೊಂಡ ಕೂಡಲೇ ಸಿಡಿಯುತ್ತದೆ

ಎಂಜಿನ್ ಹಚ್ಚುವ ಮುನ್ನವೇ ಸಿಡಿದರೆ ಅದು ಹಾರಾಟದ ದೋಷವಲ್ಲ, ಜೋಡಣೆಯದು. ಒಂದರೊಳಗೊಂದು ತೂರಿಸಿದ ಭಾಗಗಳನ್ನು ಬೇರ್ಪಡಿಸಿ. ಇಡೀ ರಾಕೆಟ್‌ನ ಭಾರ ಎಂಜಿನ್ ನಳಿಕೆಯ ಮೇಲೆ ಕೂತಿದ್ದರೆ ಮೂರೋ ನಾಲ್ಕೋ ಕ್ಲಾಂಪ್ ಹಾಕಿ, ಪ್ಯಾಡ್‌ನಿಂದ ಒಂದಿಷ್ಟು ಎತ್ತರಕ್ಕೆ ಹಿಡಿಸಿ.

ಹಾರುತ್ತಾ ಹಾರುತ್ತಾ ಪಲ್ಟಿ ಹೊಡೆಯುತ್ತದೆ

ಅತಿ ಹೆಚ್ಚು ತಲೆಕೆಡಿಸುವ ದೋಷ ಇದು. ಆದರೆ ಬರೆದಿಟ್ಟ ವೇಗ, ಎತ್ತರ, ಇಂಧನ ನೋಡಿದರೆ ಕಾರಣ ಹೆಚ್ಚುಕಡಿಮೆ ತಾನೇ ಹೇಳಿಕೊಳ್ಳುತ್ತದೆ.

*ನೆಲ ಬಿಟ್ಟ ಕೂಡಲೇ, 50 ಮೀ/ಸೆ ಒಳಗೆ ವಾಲಿದರೆ:* ಗಾಳಿಯ ಮೇಲೆ ತಪ್ಪು ಹೊರಿಸಬೇಡಿ. ಅಷ್ಟು ವೇಗಕ್ಕೆ ಗಾಳಿಗೆ ಅಂಥ ಬಲವಿಲ್ಲ. ನೂಕುಬಲದ ರೇಖೆ ದ್ರವ್ಯರಾಶಿ ಕೇಂದ್ರದ ಮೂಲಕ ಹಾದುಹೋಗುತ್ತಿಲ್ಲ. ಒಂದು ಪಕ್ಕಕ್ಕೆ ಮಾತ್ರ ಅಂಟಿಸಿದ ಬ್ಯಾಟರಿ, ಪೇಲೋಡ್ ಒಳಗೆ ಒಂದು ಬದಿಗೆ ಸರಿದ ಯಂತ್ರ, ಹೊತ್ತಿಕೊಳ್ಳದ ಒಂದು ಬೂಸ್ಟರ್ ಇವೇ ಆರೋಪಿಗಳು. ಕಟ್ಟುವ ಶೆಡ್‌ನಲ್ಲಿ ದ್ರವ್ಯರಾಶಿ ಮತ್ತು ನೂಕುಬಲದ ಗುರುತುಗಳನ್ನು ಆನ್ ಮಾಡಿ ಮೇಲಿನಿಂದ ನೋಡಿ. ಒಂದರ ಮೇಲೊಂದು ಕೂರಬೇಕು.

ನಿಯಂತ್ರಣ ವ್ಯವಸ್ಥೆಯೇ ರಾಕೆಟ್ಟನ್ನು ಹುರುಪಿನಿಂದ ನೆಲದ ಕಡೆ ತಿರುಗಿಸುತ್ತಿದ್ದರೆ ನಿಯಂತ್ರಣ ಘಟಕ ತಲೆಕೆಳಗಾಗಿ ಕೂತಿದೆ. ಪ್ಯಾಡ್ ಮೇಲೆ ನಿಂತಾಗ ನ್ಯಾವ್‌ಬಾಲ್‌ನ (ಪರದೆಯಲ್ಲಿ ದಿಕ್ಕು ತೋರಿಸುವ ಗೋಳದ) ನಡುವೆ ನೀಲಿ ಆಕಾಶ ಕಾಣಬೇಕು. ಕಂದು ನೆಲ ಕಂಡರೆ ರೋಗ ಅದೇ. ಇದು ಆಟದ ತಮಾಷೆ ಮಾತ್ರವಲ್ಲ. 2013ರ ಜುಲೈ 2ರಂದು ಬೈಕನೂರಿನಿಂದ ಎದ್ದ ಪ್ರೋಟಾನ್-ಎಂ ರಾಕೆಟ್‌ನಲ್ಲಿ ಕೋನವೇಗ ಸಂವೇದಕಗಳನ್ನು ತಲೆಕೆಳಗಾಗಿ ಕೂರಿಸಲಾಗಿತ್ತು. ಸರಿಪಡಿಸಲು ಹೋದಷ್ಟೂ ಹೆಚ್ಚು ವಾಲಿ, ಅರ್ಧ ನಿಮಿಷದಲ್ಲಿ ಮೂರು ಉಪಗ್ರಹಗಳ ಸಮೇತ ನೆಲಕ್ಕೆ ಬಿತ್ತು.

*5ರಿಂದ 12 ಕಿ.ಮೀ. ನಡುವೆ, 300 ಮೀ/ಸೆ ಆಸುಪಾಸಿನಲ್ಲಿ ಪಲ್ಟಿಯಾದರೆ:* ಇದು ಗಾಳಿಯ ಕೆಲಸ. ಗಾಳಿಯ ಒತ್ತಡದ ಕೇಂದ್ರ ದ್ರವ್ಯರಾಶಿ ಕೇಂದ್ರಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಮೂತಿ ಒಂದಿಷ್ಟು ವಾಲಿದರೂ ಸಾಕು, ಗಾಳಿ ಅದನ್ನು ಇನ್ನಷ್ಟು ವಾಲಿಸುತ್ತದೆ, ಎಂಜಿನ್‌ನ ಗಿಂಬಲ್ (ನಳಿಕೆ ವಾಲಿಸಿ ದಿಕ್ಕು ತಿದ್ದುವ ಏರ್ಪಾಡು) ಸೋಲುತ್ತದೆ. ತಪಾಸಣೆ ಈ ಕ್ರಮದಲ್ಲಿ:

1. ತಿರುವನ್ನು ಮೆಲ್ಲಗೆ ಮಾಡಿ. ಮೂತಿ ಮತ್ತು ಚಲನೆಯ ದಿಕ್ಕಿನ ಗುರುತಿನ ನಡುವೆ 5 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. 10 ಕಿ.ಮೀ.ವರೆಗೆ ನೆಟ್ಟಗೆ ಹೋಗಿ ಅಲ್ಲಿ ಒಮ್ಮೆಲೇ 45 ಡಿಗ್ರಿ ಬಗ್ಗಿಸುವ ಹಳೇ ಅಭ್ಯಾಸ ಒಳ್ಳೆಯ ರಾಕೆಟ್ಟನ್ನೂ ಉರುಳಿಸುತ್ತದೆ. ಎಷ್ಟೋ ಸಲ ದೋಷ ಇಲ್ಲಿಗೇ ಮುಗಿಯುತ್ತದೆ, ಖರ್ಚು ಸೊನ್ನೆ.
2. ಥ್ರಾಟಲ್ ಇಳಿಸಿ ನೋಡಿ. ಗಾಳಿಯ ಚಲನ ಒತ್ತಡವೆಂದರೆ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 350 ಮೀ/ಸೆ ವೇಗವನ್ನು 10 ಕಿ.ಮೀ. ಎತ್ತರದಲ್ಲಿ ಮುಟ್ಟಿದರೆ ಅದು ಸುಮಾರು 25 ಕಿಲೋಪಾಸ್ಕಲ್. ಅದೇ ವೇಗವನ್ನು 5 ಕಿ.ಮೀ.ಯಲ್ಲೇ ಮುಟ್ಟಿದರೆ 45. ವೇಗ ಒಂದೇ ಆದರೂ ಮೂತಿಯ ಮೇಲಿನ ಹೊಡೆತ ಹತ್ತಿರ ಹತ್ತಿರ ಎರಡು ಪಟ್ಟು. ನಿಜವಾದ ಸ್ಪೇಸ್ ಶಟಲ್ ಕೂಡ ಈ ಘಟ್ಟದಲ್ಲಿ ಎಂಜಿನ್ ತಗ್ಗಿಸಿಕೊಂಡೇ ದಾಟುತ್ತಿತ್ತು.
3. ಪೇಲೋಡ್ ಕವಚದ ಅಗಲ ನೋಡಿ. ಕೆಳಗಿನ ಕಾಂಡಕ್ಕಿಂತ ಒಂದೂವರೆ ಪಟ್ಟು ಅಗಲದ, ಒಳಗೆ ಹಗುರ ಸರಕು ತುಂಬಿದ ಕವಚ ಮೇಲೆ ಕೂತಿದ್ದರೆ ಗಾಳಿಗೆ ಹಿಡಿ ಕೊಟ್ಟಂತೆ.
4. ಇಷ್ಟಾದ ಮೇಲೆ ಫಿನ್. ಮೂರು ಅಥವಾ ನಾಲ್ಕು, ಆದಷ್ಟೂ ಬುಡದಲ್ಲಿ. ಎರಡನೇ ಹಂತಕ್ಕೆ ಅಂದಕ್ಕೆಂದು ಅಂಟಿಸಿದ ರೆಕ್ಕೆಗಳಿದ್ದರೆ ಮೊದಲು ಅವನ್ನು ಕಿತ್ತುಹಾಕಿ. ದ್ರವ್ಯರಾಶಿ ಕೇಂದ್ರಕ್ಕಿಂತ ಮೇಲಿನ ಪ್ರತಿ ರೆಕ್ಕೆಯೂ ಬುಡದ ಫಿನ್‌ಗಳ ವಿರುದ್ಧ ದುಡಿಯುತ್ತದೆ.

ಕಟ್ಟುವ ಶೆಡ್‌ನಲ್ಲಿ ಕಾಣುವ ಒತ್ತಡ ಕೇಂದ್ರದ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಲವು ಸಿಮ್ಯುಲೇಟರ್‌ಗಳಲ್ಲಿ ಅದು ರೆಕ್ಕೆಗಳನ್ನು ಮಾತ್ರ ಎಣಿಸುತ್ತದೆ, ಟ್ಯಾಂಕ್ ಮತ್ತು ಕವಚದ ಮೇಲೆ ಬೀಳುವ ಗಾಳಿಯನ್ನು ಎಣಿಸುವುದಿಲ್ಲ.

*ಹಂತ ಮುಗಿಯುವ ಹೊತ್ತಿಗೆ, ಟ್ಯಾಂಕ್ ಮುಕ್ಕಾಲು ಖಾಲಿಯಾದಾಗ ಪಲ್ಟಿಯಾದರೆ:* ದ್ರವ್ಯರಾಶಿ ಕೇಂದ್ರ ಜಾರಿದೆ. ಒಂದರ ಮೇಲೊಂದಿರುವ ಎರಡು ಟ್ಯಾಂಕ್‌ಗಳಲ್ಲಿ ಮೇಲಿನದು ಮೊದಲು ಖಾಲಿಯಾದರೆ ಕೇಂದ್ರ ಕೆಳಗಿಳಿಯುತ್ತದೆ, ಪ್ಯಾಡ್ ಮೇಲೆ ಸ್ಥಿರವಾಗಿದ್ದ ರಾಕೆಟ್ ಅರ್ಧದಾರಿಯಲ್ಲಿ ಅಸ್ಥಿರವಾಗುತ್ತದೆ. ಶೆಡ್‌ನಲ್ಲಿ ಟ್ಯಾಂಕ್‌ಗಳನ್ನು ಅರ್ಧಕ್ಕೆ, ಆಮೇಲೆ ಪೂರ್ತಿ ಖಾಲಿಮಾಡಿ ಗುರುತು ಎಲ್ಲಿಗೆ ಸರಿಯುತ್ತದೆ ನೋಡಿ. ಇಂಧನ ಹರಿವಿನ ಆದ್ಯತೆ ಬದಲಿಸಿ ಕೆಳಗಿನ ಟ್ಯಾಂಕ್ ಮೊದಲು ಖಾಲಿಯಾಗುವಂತೆ ಮಾಡಿದರೆ ಸಾಕು, ಒಂದು ಗ್ರಾಂ ತೂಕವೂ ಸೇರುವುದಿಲ್ಲ.

ನಡುಗುತ್ತದೆ, ಬಳುಕುತ್ತದೆ

ಎರಡು ಸೆಕೆಂಡ್ ಎಸ್‌ಎಎಸ್ (ರಾಕೆಟ್ಟನ್ನು ತಾನಾಗಿ ನೆಟ್ಟಗೆ ಹಿಡಿಯುವ ವ್ಯವಸ್ಥೆ) ಆಫ್ ಮಾಡಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಓಲಾಟ ತಾನಾಗಿ ಅಡಗಿದರೆ ತಪ್ಪು ನಿಯಂತ್ರಣದ್ದು: ರಾಕೆಟ್ ಒಂದು ಕಡೆ ಬಾಗುತ್ತದೆ, ಎಸ್‌ಎಎಸ್ ಅತಿಯಾಗಿ ಎಳೆಯುತ್ತದೆ, ಅದು ಆ ಕಡೆ ಬಾಗುತ್ತದೆ, ಮತ್ತೆ ಎಳೆತ. ಗಿಂಬಲ್ ಮಿತಿಯನ್ನು 100ರಿಂದ 30–40 ಶೇಕಡಾಕ್ಕೆ ಇಳಿಸಿ. ನಿಯಂತ್ರಣ ಘಟಕ ಬಳುಕುವ ತುದಿಯಲ್ಲಿದ್ದರೆ ಅದು ಅಳೆಯುವುದು ತನ್ನ ಓಲಾಟವನ್ನೇ ಹೊರತು ರಾಕೆಟ್‌ನ ದಿಕ್ಕನ್ನಲ್ಲ. ಗಟ್ಟಿಯಾದ ನಡುಭಾಗದ ಒಂದು ಘಟಕದಿಂದ ನಿಯಂತ್ರಿಸಿ.

ಎಸ್‌ಎಎಸ್ ಆಫ್ ಆದರೂ ಬಳುಕಿದರೆ ಜೋಡಣೆ ಸಡಿಲ. ಅಗಲ ಟ್ಯಾಂಕಿನ ನಡುವೆ ಸಿಕ್ಕ ಕಿರಿದಾದ ಡಿಕಪ್ಲರನ್ನು ಹುಡುಕಿ; ಬಾಗುವುದು ಸೊಂಟದಲ್ಲೇ. ಆ ಒಂದು ಭಾಗವನ್ನು ಅಗಲದ್ದಕ್ಕೆ ಬದಲಿಸುವುದು ಇಪ್ಪತ್ತು ಸ್ಟ್ರಟ್‌ಗಿಂತ ಮೇಲು. ಹತ್ತು ಸಣ್ಣ ಟ್ಯಾಂಕ್ ಪೇರಿಸುವ ಬದಲು ಎರಡು ಉದ್ದ ಟ್ಯಾಂಕ್ ಬಳಸಿದರೆ ಬಾಗುವ ಕೀಲುಗಳೇ ಕಡಿಮೆಯಾಗುತ್ತವೆ.

ನಿಜವಾದ ರಾಕೆಟ್‌ಗಳಲ್ಲಿ ಉದ್ದಕ್ಕೂ ಜಗ್ಗಾಡುವ ಪೋಗೋ ಕಂಪನ ಎಂಬುದೊಂದು ಇದೆ. 1970ರಲ್ಲಿ ಅಪೊಲೊ 13ರ ಎರಡನೇ ಹಂತದ ನಡುವಿನ ಎಂಜಿನ್ ಅದರಿಂದಲೇ ಹೊತ್ತಿಗೆ ಮುಂಚೆ ನಿಂತಿತು. ಇಂಧನ ಕೊಳವೆಯ ಒತ್ತಡ ಮತ್ತು ನೂಕುಬಲ ಒಂದನ್ನೊಂದು ಕೆರಳಿಸುವ ಈ ಆಟವನ್ನು ಸಾಮಾನ್ಯ ಸಿಮ್ಯುಲೇಟರ್‌ಗಳು ಲೆಕ್ಕ ಹಾಕುವುದಿಲ್ಲ. ಹಾಗಾಗಿ ನಿಮ್ಮ ರಾಕೆಟ್ ನಡುಗಿದರೆ ಪೋಗೋ ಎಂದು ಹೆಸರಿಟ್ಟು ಕೈಚೆಲ್ಲಬೇಡಿ.

ತನ್ನ ಅಕ್ಷದ ಮೇಲೆ ಗಿರಗಿರ ತಿರುಗುತ್ತದೆ

ನಡುವೆ ಒಂದೇ ಎಂಜಿನ್ ಇರುವ ಹಂತಕ್ಕೆ ಗಿಂಬಲ್‌ನಿಂದ ಈ ತಿರುಗಾಟ ನಿಲ್ಲಿಸಲು ಆಗುವುದಿಲ್ಲ. ಅದು ಮೂತಿಯನ್ನು ಅತ್ತಿತ್ತ ಬಾಗಿಸಬಲ್ಲದು ಅಷ್ಟೇ. ದಿಕ್ಕು ತಿದ್ದುವ ಸಣ್ಣ ಆರ್‌ಸಿಎಸ್ ಥ್ರಸ್ಟರ್‌ಗಳು, ಚಲಿಸುವ ಫಿನ್‌ಗಳು ಅಥವಾ ಪಕ್ಕದಲ್ಲಿ ಎರಡು ಪುಟ್ಟ ಎಂಜಿನ್ ಬೇಕು. ವೇಗ ಏರಿದಂತೆ ತಿರುಗಾಟವೂ ಏರಿದರೆ ಯಾವುದೋ ಫಿನ್ ಒಂದೆರಡು ಡಿಗ್ರಿ ಓರೆಯಾಗಿದೆ. ಎಲ್ಲವನ್ನೂ ಕಿತ್ತು, ಸಿಮೆಟ್ರಿ ಮೋಡ್‌ನಲ್ಲಿ ಕೋನದ ಸ್ನ್ಯಾಪ್ ಆನ್ ಮಾಡಿ ಮತ್ತೆ ಕೂರಿಸಿ.

ಬೂಸ್ಟರ್ ಅಥವಾ ಹಂತ ಕಳಚುವಾಗ ಡಿಕ್ಕಿ

ಪಕ್ಕದ ಬೂಸ್ಟರ್ ಬುಡ ಒಳಕ್ಕೆ ನುಗ್ಗಿ ನಡುವಿನ ಎಂಜಿನ್‌ಗೆ ಬಡಿಯುತ್ತಿದ್ದರೆ ಡಿಕಪ್ಲರ್ ಇರುವ ಜಾಗ ನೋಡಿ. ಅದು ಖಾಲಿ ಬೂಸ್ಟರ್‌ನ ದ್ರವ್ಯರಾಶಿ ಕೇಂದ್ರಕ್ಕಿಂತ ಸ್ವಲ್ಪ ಮೇಲಿರಬೇಕು. ಆಗ ತಳ್ಳಿದಾಗ ಮೂತಿ ಹೊರಕ್ಕೆ ತೆರೆದುಕೊಳ್ಳುತ್ತದೆ, ಮಿಕ್ಕಿದ್ದನ್ನು ಗಾಳಿಯೇ ಮಾಡುತ್ತದೆ. ತುಂಬಿದ ಬೂಸ್ಟರ್‌ನ ಕೇಂದ್ರ ಹಿಡಿದು ಲೆಕ್ಕ ಹಾಕಬೇಡಿ, ಕಳಚುವುದು ಖಾಲಿಯಾದ ಮೇಲೆ. ಕಳಚುವ ಕ್ಷಣದಲ್ಲಿ ರಾಕೆಟ್ ವಾಲಿರಬಾರದು.

ಹಂತ ಬಿಟ್ಟ ಮೇಲೆ ಕೆಳಗಿನದು ಹಿಂದಿನಿಂದ ಬಂದು ಗುದ್ದಿದರೆ ಎಂಜಿನ್ ಪೂರ್ತಿ ನಿಂತಿರಲಿಲ್ಲ. 2008ರ ಆಗಸ್ಟ್‌ನಲ್ಲಿ ಫಾಲ್ಕನ್ 1ರ ಮೂರನೇ ಹಾರಾಟ ಹಾಳಾದದ್ದು ಹೀಗೆಯೇ: ಎಂಜಿನ್ ಆರಿಸಿದ ಮೇಲೂ ಉಳಿದಿದ್ದ ಅಲ್ಪ ನೂಕುಬಲ ಮೊದಲ ಹಂತವನ್ನು ಎರಡನೆಯದಕ್ಕೆ ತಾಗಿಸಿತು. ಎಂಜಿನ್ ಆರಲು ಹೊತ್ತು ಹಿಡಿಯುವ ಸಿಮ್ಯುಲೇಟರ್ ಆಗಿದ್ದರೆ ಆರಿಸಿ ಮೂರ್ನಾಲ್ಕು ಸೆಕೆಂಡ್ ಕಾದು ಕಳಚಿ. ಕೆಳಹಂತಕ್ಕೆ ಹಿಮ್ಮುಖವಾಗಿ ಎರಡು ಪುಟ್ಟ ಘನ ಇಂಧನ ಮೋಟಾರ್ ಕಟ್ಟಿದರೆ ಇನ್ನೂ ಖಾತ್ರಿ.

ಎರಡನೇ ಹಂತ ಹೊತ್ತಿಕೊಳ್ಳುತ್ತಿಲ್ಲ

ಹಂತ ಬದಲಿಸುವಾಗ ಥ್ರಾಟಲ್ ಸೊನ್ನೆಗೆ ತಂದವರು ಮತ್ತೆ ಏರಿಸಲು ಮರೆತಿರುತ್ತಾರೆ. ಅದು ಸರಿಯಿದ್ದರೆ ಬ್ಯಾಟರಿ, ಆಮೇಲೆ ಹಂತಗಳ ಕ್ರಮ. ನೈಜತೆ ಹೆಚ್ಚಿಸುವ ಮಾಡ್ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆ) ಹಾಕಿದ್ದರೆ ಇನ್ನೆರಡು ಕಾರಣ ಸೇರುತ್ತವೆ. ಎಂಜಿನ್‌ಗೆ ಎಷ್ಟು ಸಲ ಹೊತ್ತಿಕೊಳ್ಳುವ ಅವಕಾಶವಿದೆ ಎಂದು ಓದಿ; ಒಂದೇ ಸಲದ ಎಂಜಿನನ್ನು ಪರೀಕ್ಷೆಗೆಂದು ಒಮ್ಮೆ ಹಚ್ಚಿ ಆರಿಸಿದರೆ ಮುಗಿಯಿತು. ಇನ್ನೊಂದು, ಭಾರವಿಲ್ಲದ ಸ್ಥಿತಿಯಲ್ಲಿ ದ್ರವ ಟ್ಯಾಂಕಿನೊಳಗೆ ತೇಲಾಡುತ್ತದೆ, ಕೊಳವೆಗೆ ಅನಿಲ ನುಗ್ಗುತ್ತದೆ. ಹಚ್ಚುವ ಮುನ್ನ ಎರಡು ಮೂರು ಸೆಕೆಂಡ್ ಆರ್‌ಸಿಎಸ್‌ನಿಂದ ಮುಂದಕ್ಕೆ ತಳ್ಳಿ, ದ್ರವ ಬುಡಕ್ಕೆ ಕೂತ ಮೇಲೆ ಹಚ್ಚಿ. ಪರದೆಯಲ್ಲಿ ಇಂಧನ ಸ್ಥಿರ ಎಂಬ ಸೂಚನೆ ಬರುವವರೆಗೆ ಗುಂಡಿ ಮುಟ್ಟಬೇಡಿ.

ಮೇಲೇನೋ ಹೋಗುತ್ತದೆ, ಕಕ್ಷೆಗೆ ಮುಂಚೆ ಟ್ಯಾಂಕ್ ಖಾಲಿ

ಮೊದಲು ಟ್ಯಾಂಕ್ ನಿಜವಾಗಿಯೂ ಖಾಲಿಯೇ ನೋಡಿ. ಆಕ್ಸಿಡೈಸರ್ ಮುಗಿದು ಇಂಧನ ಉಳಿದಿದ್ದರೆ ತುಂಬಿದ ಪ್ರಮಾಣ ತಪ್ಪು. ಕರ್ಬಲ್‌ನಲ್ಲಿ ಯೂನಿಟ್ ಲೆಕ್ಕದಲ್ಲಿ 9 ಭಾಗ ಇಂಧನಕ್ಕೆ 11 ಭಾಗ ಆಕ್ಸಿಡೈಸರ್.

ಎರಡನೆಯದು ದಾರಿ. ಎಂಜಿನ್ ನಿಂತಾಗ ಅಪೊಆಪ್ಸಿಸ್ (ದಾರಿಯ ಅತಿ ಎತ್ತರದ ಬಿಂದು) 400 ಕಿ.ಮೀ. ದಾಟಿ, ಪೆರಿಆಪ್ಸಿಸ್ (ಅತಿ ತಗ್ಗಿನ ಬಿಂದು) ಮಾತ್ರ ನೆಲದೊಳಗೆ ಸಾವಿರಾರು ಕಿ.ಮೀ. ಇದ್ದರೆ ನೀವು ಎತ್ತರಕ್ಕೆ ಹೋದಿರಿ, ಅಡ್ಡಕ್ಕೆ ಹೋಗಲಿಲ್ಲ. ಕಕ್ಷೆ ಎಂದರೆ ಮುಖ್ಯವಾಗಿ ಅಡ್ಡವೇಗ: ಭೂಮಿಯ 200 ಕಿ.ಮೀ. ಕಕ್ಷೆಗೆ ಸುಮಾರು 7,800 ಮೀ/ಸೆ, ಕರ್ಬಿನ್‌ನ 80 ಕಿ.ಮೀ. ಕಕ್ಷೆಗೆ ಸುಮಾರು 2,280. ಗಿಡುಗ-2ರಂಥದ್ದಕ್ಕೆ 70 ಮೀ/ಸೆ ದಾಟಿದ ಕೂಡಲೇ 3 ಡಿಗ್ರಿ ಪೂರ್ವಕ್ಕೆ ವಾಲಿಸಿ, ಆಮೇಲೆ ಚಲನೆಯ ದಿಕ್ಕನ್ನೇ ಹಿಂಬಾಲಿಸಿ. ಮೊದಲ ಹಂತ ಮುಗಿಯುವ ಹೊತ್ತಿಗೆ ಮೂತಿ ದಿಗಂತದಿಂದ 25–30 ಡಿಗ್ರಿ ಮೇಲಿರಲಿ. ಕರ್ಬಿನ್‌ನಲ್ಲಿ ತಿರುವು ಇದಕ್ಕಿಂತ ಬೇಗ, 10 ಕಿ.ಮೀ. ಆಸುಪಾಸಿನಲ್ಲೇ 45 ಡಿಗ್ರಿ. ಪೂರ್ವಕ್ಕೇ ಹಾರಿಸಿ ಎನ್ನುವುದಕ್ಕೂ ಲೆಕ್ಕವಿದೆ. ಭೂಮಧ್ಯರೇಖೆಯಲ್ಲಿ ಭೂಮಿಯ ಸುತ್ತುವಿಕೆಯಿಂದ 465 ಮೀ/ಸೆ ಪುಕ್ಕಟೆ ಸಿಗುತ್ತದೆ. ಪಶ್ಚಿಮಕ್ಕೆ ಹಾರಿಸಿದರೆ ಅಷ್ಟನ್ನು ಕಳೆದುಕೊಂಡು ಮೇಲೆ ಅಷ್ಟನ್ನೇ ತೆರಬೇಕು.

ದಾರಿ ಸರಿಯಿದ್ದೂ ಮುಟ್ಟದಿದ್ದರೆ ಈಗ ಕಾಗದ ಪೆನ್ನು. ಹಂತದ ಡೆಲ್ಟಾ-ವಿ ಎಂದರೆ ಐಎಸ್‌ಪಿ × 9.81 × ಸಹಜ ಲಾಗರಿದಮ್ (ತುಂಬಿದ ತೂಕ ÷ ಖಾಲಿಯಾದಾಗಿನ ತೂಕ). ಗಿಡುಗ-2ರ ಎರಡನೇ ಹಂತ 34 ಟನ್‌ನಿಂದ 7 ಟನ್‌ಗೆ ಇಳಿಯುತ್ತದೆ: ಸುಮಾರು 5,270 ಮೀ/ಸೆ. ಮೊದಲ ಹಂತ 196ರಿಂದ 46ಕ್ಕೆ: 4,190. ಒಟ್ಟು 9,460. ಇಲ್ಲಿ ಮೊದಲ ಹಂತಕ್ಕೆ ನಿರ್ವಾತದ ಐಎಸ್‌ಪಿ 305 ಹಾಕಿಬಿಟ್ಟರೆ 140 ಮೀ/ಸೆ ಹೆಚ್ಚು ತೋರಿಸುತ್ತದೆ. ಕಾಗದದಲ್ಲಿ ಮುಟ್ಟಿ ಆಕಾಶದಲ್ಲಿ ಮುಟ್ಟದ ರಾಕೆಟ್‌ಗಳ ಹಿಂದೆ ಈ ಸುಳ್ಳು ಆಗಾಗ ಇರುತ್ತದೆ.

ಈಗ ತೂಕ ಎಲ್ಲಿ ಕೂತಿದೆ ಎಂದು ಹುಡುಕಿ. ಗಿಡುಗ-2ರ ಮೊದಲ ಹಂತಕ್ಕೆ 1 ಟನ್ ವ್ಯರ್ಥ ತೂಕ ಸೇರಿದರೆ ನಷ್ಟ 47 ಮೀ/ಸೆ. ಅದೇ 1 ಟನ್ ಎರಡನೇ ಹಂತದಲ್ಲಿ ಕೂತರೆ ನಷ್ಟ 395 ಮೀ/ಸೆ, ಎಂಟು ಪಟ್ಟು. ಆದ್ದರಿಂದ ಕತ್ತರಿ ಮೇಲಿನಿಂದ ಕೆಳಕ್ಕೆ ಆಡಲಿ: ಪೇಲೋಡ್‌ನ ಅನಗತ್ಯ ಬ್ಯಾಟರಿ, ಎರಡನೇ ಹಂತದ ಅತಿದೊಡ್ಡ ಎಂಜಿನ್, ಅಲಂಕಾರದ ತುಂಡುಗಳು. ಇದರ ಎದುರು ಮೊದಲ ಹಂತಕ್ಕೆ 10 ಟನ್ ಇಂಧನ ಸುರಿದರೆ ಸಿಗುವುದು ಬರೀ 144 ಮೀ/ಸೆ, ಅದೂ ಟ್ಯಾಂಕಿನ ತೂಕ ಬಿಟ್ಟು; ನೂಕು-ತೂಕ ಅನುಪಾತ 1.24ಕ್ಕೆ ಬೀಳುತ್ತದೆ. ಇನ್ನೂ 10 ಟನ್ ಸುರಿದರೆ 137 ಸಿಕ್ಕಿ ಅನುಪಾತ 1.18.

ಶಾಖ ಕವಚದ ಕಥೆ ಇಲ್ಲಿದೆ. ಗಾಳಿ ತೆಳುವಾದ ಮೇಲೆ, ಭೂಮಿಯಲ್ಲಿ ಸುಮಾರು 110 ಕಿ.ಮೀ. ಮೇಲೆ, ಅದನ್ನು ಬಿಸಾಡಬೇಕು. ಹಂತಗಳ ಪಟ್ಟಿಯಲ್ಲಿ ಅದರ ಐಕಾನ್ ಪೇಲೋಡ್ ಬಿಡುಗಡೆಯ ಜೊತೆ ಸೇರಿಕೊಂಡಿದ್ದರೆ ಕಕ್ಷೆಯವರೆಗೂ ಹೊತ್ತೊಯ್ಯುತ್ತೀರಿ. 1 ಟನ್ ಕವಚವಾದರೆ ಎರಡನೇ ಹಂತದ ಪಾಲಿಗೇ ಸುಮಾರು 350 ಮೀ/ಸೆ ಹೊರೆ. 2017ರ ಆಗಸ್ಟ್ 31ರಂದು ಪಿಎಸ್‌ಎಲ್‌ವಿ-ಸಿ39ರಲ್ಲಿ ಕವಚ ಕಳಚಲೇ ಇಲ್ಲ. ಆ ಹೆಚ್ಚುವರಿ ತೂಕದಿಂದ ಕಕ್ಷೆ ಗುರಿಗಿಂತ ಕೆಳಗೇ ಉಳಿಯಿತು, ಉಪಗ್ರಹ ಕವಚದೊಳಗೇ ಸೆರೆಯಾಯಿತು.

ಡೆಲ್ಟಾ-ವಿ ಸಾಕಷ್ಟಿದೆ, ಎರಡನೇ ಹಂತ ಉರಿಯುತ್ತಲೇ ಇದೆ, ಆದರೂ ರಾಕೆಟ್ ನೆಲಕ್ಕೆ ಬಾಗುತ್ತಿದೆ ಎಂದರೆ ನೂಕುಬಲ ಸಾಲದು. 270 ಕಿಲೋನ್ಯೂಟನ್‌ಗೆ ಅನುಪಾತ 0.81, ಉರಿಯುವ ಸಮಯ 333 ಸೆಕೆಂಡ್. ಹಗುರ ಎಂದು 120 ಕಿಲೋನ್ಯೂಟನ್‌ನ ಎಂಜಿನ್ ಹಾಕಿದರೆ ಅನುಪಾತ 0.36, ಸಮಯ 750 ಸೆಕೆಂಡ್. ಸಂಖ್ಯೆಯಲ್ಲಿ ಡೆಲ್ಟಾ-ವಿ ಅಷ್ಟೇ ಇರುತ್ತದೆ, ಉರಿದು ಮುಗಿಯುವ ಮುನ್ನ ವಾತಾವರಣ ಬಂದುಬಿಡುತ್ತದೆ. ಪರದೆಯಲ್ಲಿ ಅಪೊಆಪ್ಸಿಸ್‌ಗೆ ಉಳಿದ ಸಮಯ ನೋಡುತ್ತಿರಿ. ಅದು 40–60 ಸೆಕೆಂಡ್‌ನಲ್ಲಿ ನಿಂತರೆ ಸರಿ. ಸೊನ್ನೆ ದಾಟಿ, ಪೆರಿಆಪ್ಸಿಸ್ ಇನ್ನೂ ಆಳದಲ್ಲಿದ್ದರೆ ಆ ಹಾರಾಟ ಬಿಟ್ಟು ಶೆಡ್‌ಗೆ ಮರಳಿ.

ಇವು ಯಾವುವೂ ಅಲ್ಲದಿದ್ದರೆ

ಅದೇ ರಾಕೆಟ್, ಅದೇ ಹಾರಾಟ, ಪ್ರತಿ ಸಲ ಬೇರೆ ಬೇರೆ ರೀತಿ ಮುರಿಯುತ್ತಿದ್ದರೆ ವಿನ್ಯಾಸ ತಿದ್ದುವುದನ್ನು ಅಲ್ಲಿಗೇ ನಿಲ್ಲಿಸಿ. ವಿನ್ಯಾಸದ ದೋಷಕ್ಕೆ ನಿಯತ್ತು ಇರುತ್ತದೆ, ಅದೇ ಎತ್ತರಕ್ಕೆ ಬಂದು ಅದೇ ಕಿರಿಕಿರಿ ಮಾಡುತ್ತದೆ. ಹೊತ್ತಿಗೊಂದು ಬಗೆಯಾದರೆ ಸಾಫ್ಟ್‌ವೇರ್ ಕಡೆ ತಿರುಗಿ. ಆಟದ ಜೊತೆ ಬಂದ ಮಾದರಿ ರಾಕೆಟ್ಟನ್ನು ಹಾರಿಸಿ ನೋಡಿ. ಅದೂ ಕೈಕೊಟ್ಟರೆ ಮಾಡ್‌ಗಳನ್ನು ಅರ್ಧಕ್ಕರ್ಧ ತೆಗೆಯುತ್ತಾ ಬನ್ನಿ: ಅರ್ಧ ತೆಗೆದಾಗ ದೋಷ ಹೋದರೆ ಅಪರಾಧಿ ತೆಗೆದ ಅರ್ಧದಲ್ಲಿದ್ದಾನೆ. 32 ಮಾಡ್ ಇದ್ದರೂ ಐದು ಸುತ್ತಿಗೆ ಸಿಕ್ಕಿಬೀಳುತ್ತಾನೆ. ಈ ಕೆಲಸವನ್ನು ನಕಲು ಮಾಡಿದ ಫೋಲ್ಡರ್‌ನಲ್ಲೇ ಮಾಡಿ. ಮಾಡ್ ಇಲ್ಲದೆ ಹಳೆಯ ಸೇವ್ ತೆರೆದರೆ ಆ ಮಾಡ್‌ನ ಭಾಗಗಳಿದ್ದ ಯಾನಗಳೆಲ್ಲ ಅಳಿಸಿಹೋಗಬಹುದು.

ಬೇರೆಯವರ ಸಹಾಯ ಕೇಳುವಾಗ "ರಾಕೆಟ್ ಹಾರುತ್ತಿಲ್ಲ" ಎಂದಷ್ಟೇ ಬರೆದರೆ ಯಾರಿಗೂ ಏನೂ ಹೇಳಲಾಗದು. ವಿನ್ಯಾಸದ ಫೈಲ್, ಆಟದ ಆವೃತ್ತಿ, ಮಾಡ್‌ಗಳ ಪಟ್ಟಿ, ಮುರಿದ ಹಾರಾಟದ ಲಾಗ್ ಫೈಲ್, ಮತ್ತು ಮೊದಲು ಹೇಳಿದ ಆ ನಾಲ್ಕು ಸಂಖ್ಯೆ ಕೊಡಿ. ಲಾಗ್ ಫೈಲನ್ನು ಆಟ ಮತ್ತೆ ತೆರೆಯುವ ಮುನ್ನವೇ ನಕಲಿಸಿಟ್ಟುಕೊಳ್ಳಿ. ಮುಂದಿನ ಸಲ ಆಟ ಶುರುವಾದ ಕ್ಷಣಕ್ಕೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ.